ಸೋರುವ ಕೀಲಿ

ಲೆಮ್ ಗ್ಯಾಸ್ಕಿನ್ಸನ ಸ್ಯಾಕ್ಸೊಫೋನು
ಬಾಲ್ಟಿಮೋರಿನ ನನ್ನ ಅಂಗಡಿಗೆ ಬಂದದ್ದು ಒಂಬತ್ತು ಸಲ,
ಎದುರಿನ ಗಿರವಿ ಅಂಗಡಿಗೆ ಎಷ್ಟು ಸಲವೋ.
ರಿಪೇರಿಯಾದದ್ದು ಒಮ್ಮೆಯೂ ಇಲ್ಲ.

ಎಡ ಕಿರುಬೆರಳಿನ ಕೀಲಿ ಸೋರುತ್ತಿತ್ತು.
ಚರ್ಮದ ಬಿಲ್ಲೆ ಬದಲಿಸಲು ಮೂರು ಡಾಲರು.
‘ಮುಂದಿನ ವಾರ’ ಅನ್ನುತ್ತಿದ್ದ ತೋಳು ಕೆರೆಯುತ್ತ,
ಜುಲೈ ಸೆಕೆಯಲ್ಲೂ ತುಂಬುತೋಳಿನ ಅಂಗಿ.
ಆ ಮುಂದಿನ ವಾರ ಬಂದದ್ದು
ಜೈಲಿನಲ್ಲಿ ಎರಡು ವರ್ಷ ಕಳೆದು.
ಬಾಯಲ್ಲಿ ಮುಂದಿನ ಹಲ್ಲೆರಡು ಇರಲಿಲ್ಲ.

ಆ ಸ್ವರ ಹತ್ತಿರ ಬಂದಾಗೆಲ್ಲ
ಹೊಂಡ ಕಂಡ ಕುದುರೆಯ ಹಾಗೆ ತಡೆದು ನಿಲ್ಲುತ್ತಿದ್ದ,
ಒಂದೇ ಚಣ,
ಆಮೇಲೆ ಕೆಳಗಿಂದ ತೆವಳಿ ಮೇಲೆ ಹತ್ತುತ್ತಿದ್ದ.
ಜನ ಎತ್ತಿದ ಲೋಟ ಇಳಿಸಲು ಮರೆಯುತ್ತಿದ್ದರು.

ಈಗ ಕಾಲೇಜಿನ ಮಕ್ಕಳು ಬರುತ್ತಾರೆ.
ಹೊಸ ವಾದ್ಯ, ಎಳ್ಳಷ್ಟೂ ಗಾಳಿ ಸೋರದು.
ಅದೇ ಜಾಗದಲ್ಲಿ ನಿಲ್ಲುತ್ತಾರೆ
ಕಣ್ಣು ಮುಚ್ಚಿ, ಮಾತ್ರೆ ಎಣಿಸಿ.
ಪಾಠದಲ್ಲಿ ಅದಕ್ಕೆ ಅವನದೇ ಹೆಸರಂತೆ.

ಒಬ್ಬಳು ಕೇಳಿದಳು,
ಆ ಮೌನದಲ್ಲಿ ಅವರು ಏನು ಯೋಚಿಸುತ್ತಿದ್ದರು?

ಅವನಿಗೆಂದು ಕತ್ತರಿಸಿದ ಬಿಲ್ಲೆ
ಡ್ರಾಯರಿನಲ್ಲಿ ಇನ್ನೂ ಇದೆ, ಅಂಚು ಮುರುಟಿಕೊಂಡು.
ಹತ್ತು ನಿಮಿಷದ ಕೆಲಸ.
ಸಾಲದ ಪುಸ್ತಕವೂ ಇತ್ತು ನನ್ನಲ್ಲಿ, ಆಗಲೂ.