ಎರಡು ಗಂಟೆಯ ಹಾಲು

ಕಿತ್ತಳೆ ತುಂಬುವ ಮರದ ಪೆಟ್ಟಿಗೆಯಲ್ಲಿ ತಂದ ಲೆಸೆಚಾ.
ಮೇಲೊಂದು ಗೋಣಿತಟ್ಟು. ತಟ್ಟಿನ ಕೆಳಗೆ
ಒದ್ದೆ ಇದ್ದಿಲಿನಂಥ ಒಂದು ಹಿಡಿ ಜೀವ,
ಎರಡು ಗುಲಾಬಿ ಕಿವಿ.
"ಗುಂಡು ಅವ್ವನಿಗೆ," ಅಂದ. "ಇದು ಹೊಟ್ಟೆಗೆ ಕಚ್ಚಿಕೊಂಡಿತ್ತು,
ಬಿಡಿಸೋಕೆ ಅರ್ಧ ಗಂಟೆ ಹಿಡೀತು."
ಹೊಡೆದವರು ಯಾರೆಂದು ನಾವು ಕೇಳಲಿಲ್ಲ.
ತೋಟ ಕಾಯುವವನ ಹೆಗಲಲ್ಲಿ ಬಂದೂಕಿನ ಪಟ್ಟಿಯ ಗೀರು
ಅಂಗಿಯ ಮೇಲೂ ಕಾಣುತ್ತದೆ.

ಅವನದೂ ನನ್ನದೂ ಒಂದೇ ಬೆಡಗು.
ಕೆಲವರದು ಮೊಸಳೆ, ಕೆಲವರದು ಮುಳ್ಳುಹಂದಿ,
ನಮ್ಮದು ಬಬೂನ್.
ಅಜ್ಜಿ ಮುದ್ದು ಬಂದಾಗ ಕರೆಯುತ್ತಿದ್ದಳು:
ಚ್ವೆನೆ, ನನ್ನ ಚ್ವೆನೆ,
ಬಂಡೆಯ ಮಗನೇ, ಇಬ್ಬನಿಗಿಂತ ಮುಂಚೆ ಎದ್ದವನೇ.
ಕೊಲ್ಲಬಾರದು, ತಿನ್ನಬಾರದು,
ಸತ್ತದ್ದು ಕಂಡರೆ ಹಿಡಿ ಮಣ್ಣು ಹಾಕದೆ ದಾಟಬಾರದು.
ಲೆಸೆಚಾ ನೆಲ ನೋಡುತ್ತ ಹೇಳಿದ:
"ಸಂಬಳ ಕೊಡುವವನಿಗೆ ಬೆಡಗಿಲ್ಲ, ಅಣ್ಣ."

ನಾನು ಇಪ್ಪತ್ತಾರು ವರ್ಷ ಪ್ಲಾಟಿನಂ ಗಣಿಯಲ್ಲಿ ಕಲ್ಲು ಕೊರೆದವನು.
ಎದೆಯಲ್ಲಿ ಧೂಳು ಕೂತಿದೆ ಎಂದು ಡಾಕ್ಟರು ಮನೆಗೆ ಕಳಿಸಿದರು.
ಮನೆಯಲ್ಲಿ ಕೂತರೆ ಮೊಖಾಡಿಯ ಕಾಲಿಗೆ ಅಡ್ಡ.
"ಹೋಗು, ಆ ಮಂಗಗಳ ಅನಾಥಾಲಯದಲ್ಲಾದರೂ ಕಸ ಗುಡಿಸು."
ಸಂಬಳವಿಲ್ಲ. ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಸೊಪ್ಪು.
ಗುಡಿಸಲು ಬಂದವನ ಎದೆಗೆ
ಆ ಇದ್ದಿಲು ಅಂಟಿತು.

ಅಂಟಿತು ಎಂದರೆ ಸಾಲದು.
ಕಾಲೂ ಕೈಯೇ ಅದಕ್ಕೆ; ನಾಲ್ಕರಲ್ಲೂ ನನ್ನ ನರೆಗೂದಲು.
ಕೆಮ್ಮಿದರೆ ಇನ್ನೂ ಬಿಗಿ.
ತಾಯಿ ಓಡತೊಡಗಿದಳು ಅಂದುಕೊಂಡಿತೇನೋ.
ಹಾಲಿಲ್ಲದ ಮೊಲೆ ಹುಡುಕಿ, ಸಿಕ್ಕಿ, ಚೀಪಿ,
ಮೋಸ ಹೋದವರ ಹಾಗೆ ನನ್ನ ಮುಖ ನೋಡಿತು.
ಜರ್ಮನಿಯಿಂದ ಬಂದ ಹುಡುಗಿ ಫ್ರೌಕೆ ನಗುತ್ತ ಬಾಟಲಿ ಕೊಟ್ಟಳು,
ತುಟಿ ಪಟಪಟಿಸುವುದನ್ನು ಕಲಿಸಿದಳು.
ಅವರ ಮಾತಿನಲ್ಲಿ ಅದಕ್ಕೆ 'ಇದ್ದೇನೆ' ಎಂದರ್ಥವಂತೆ.
ನನಗೆ ಹಲ್ಲು ಕಡಿಮೆ; ಉಚ್ಚಾರ ಬೇಗ ಬಂತು.

ಎರಡೆರಡು ಗಂಟೆಗೆ ಹಾಲು. ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ.
ಎರಡರದ್ದು ಕಷ್ಟ.
ಗಣಿಯಲ್ಲಾದರೆ ಅದು ಯಾರೂ ಮಾತಾಡದ ಹೊತ್ತು.
ಮೊಪಾನೆ ಮರಗಳಾಚೆ ಚಿರತೆ ಕೆಮ್ಮುತ್ತದೆ, ಇತ್ತ ನಾನು.
ಮರಿ ಇಬ್ಬರನ್ನೂ ಕೇಳಿಸಿಕೊಂಡು
ನನ್ನನ್ನು ಆರಿಸಿಕೊಳ್ಳುತ್ತದೆ.

ಹೆತ್ತವರಿಗೆ ಹೆಗ್ಗಣ ಮುದ್ದು. ಹೆರದವನಿಗೆ?
ಹೆರದವನು ಕಾರಣ ಹುಡುಕಬೇಕು.
ನಾನು ಹುಡುಕಲಿಲ್ಲ. ಹೇಲು ಬಳಿದೆ, ಬಟ್ಟೆ ಒಗೆದೆ.

ಭಾನುವಾರ ಲೆಸೆಚಾ ಕಿತ್ತಳೆ ತರುತ್ತಿದ್ದ.
"ಬಿದ್ದದ್ದು, ಕದ್ದದ್ದಲ್ಲ," ಎನ್ನುತ್ತಿದ್ದ, ಯಾರೂ ಕೇಳದಿದ್ದರೂ.
ಬೇಲಿಯಾಚೆಯೇ ನಿಂತು, "ತೂಕ ಎಷ್ಟು?"
ಒಮ್ಮೆ ಮಾತ್ರ ಬೆರಳು ಚಾಚಿದ.
ಬಂದೂಕಿನ ಕುದುರೆ ಎಳೆಯುವ ಬೆರಳು. ಮರಿ ಮೂಸಿತು. ಹಿಡಿಯಿತು.
ಅದಕ್ಕೇನು ಗೊತ್ತು. ಗೊತ್ತಿದ್ದೇ ಹಿಡಿಯಿತೋ.
ಬಿಡಿಸಿಕೊಳ್ಳಲು ಬಾರದೆ
ಅವನು ಆ ದಿನ ಕೊನೆಯ ಬಸ್ಸು ತಪ್ಪಿಸಿಕೊಂಡ.

ನಾಲ್ಕನೇ ತಿಂಗಳು ಕಪ್ಪು ಕೂದಲು ಕಂದಾಗತೊಡಗಿತು.
"ಇನ್ನು ಅವರವರಿಗೆ," ಅಂದಳು ಯಜಮಾನಿ ರಮಾದಿಮೆಚಾ.
ಕಿವಿ ಹರಿದ ಮುದಿ ಹೆಣ್ಣೊಂದು ಜಾಲರಿಯಾಚೆ ಕಾದಿತ್ತು.
ನನ್ನ ಕಡೆ ತಿರುಗಲೂ ಇಲ್ಲ, ತುಟಿ ಪಟಪಟಿಸಿತು.
ಎಂಥ ಶುದ್ಧ ಉಚ್ಚಾರ!
ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು.
ಅರ್ಧ ಗಂಟೆ ಹಿಡಿಯಿತು.

ಈಗಲೂ ಎರಡಕ್ಕೆ ಎಚ್ಚರ.
ಒಲೆ ಹಚ್ಚುತ್ತೇನೆ, ಹಾಲು ಉಗುರುಬೆಚ್ಚಗೆ,
ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡುತ್ತೇನೆ,
ಲೋಟಕ್ಕೆ ಬಗ್ಗಿಸಿ ನಾನೇ ಕುಡಿಯುತ್ತೇನೆ.
ಕಂಬಳಿಯೊಳಗಿಂದ ಮೊಖಾಡಿ:
"ಸಕ್ಕರೆ ಮೇಲಿನ ಡಬ್ಬಿಯಲ್ಲಿದೆ, ಚ್ವೆನೆ."