ಖಾಲಿ ಮೈಕು

ತಿಪಟೂರಿನ ಮೃದಂಗದವರು ಬರಲೇ ಇಲ್ಲ.
ಕೊನೇಹಳ್ಳಿ ಹತ್ತಿರ ಪ್ಯಾಸೆಂಜರು ನಿಂತಿದೆಯಂತೆ,
ಎಂಜಿನ್ನು ಕೆಟ್ಟಿದೆಯೋ ಸಿಗ್ನಲ್ಲು ಮುನಿದಿದೆಯೋ,
ಅರಸೀಕೆರೆಯಲ್ಲಿ ಇದೇನು ಹೊಸ ಮಾತಲ್ಲ.
ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಮೂವತ್ತೊಂದು ಜನ.
ನಾನೇ ಎಣಿಸಿದ್ದು,
ಮೈಕಿನವನಿಗೆ ಮಾಡಲು ಇನ್ನೇನಿರುತ್ತದೆ.

ದಸ್ತಗೀರ್ ಮಾಸ್ತರು ಗಡಿಯಾರ ನೋಡಿದರು, ಬಾಗಿಲು ನೋಡಿದರು,
ಮಡಿಲ ಮ್ಯಾಂಡೊಲಿನ್ ನೋಡಿದರು.
'ಒಬ್ನೇ ನುಡಿಸ್ತೀನಿ ಬಿಡಪ್ಪ' ಅಂದರು,
ಒಬ್ನೇ ಬಾವಿಗಿಳೀತೀನಿ ಅನ್ನುವವರ ಹಾಗೆ.

ಇಪ್ಪತ್ತೆರಡು ವರ್ಷ ಈ ಮನುಷ್ಯ
ಆರ್ಕೆಸ್ಟ್ರಾದಲ್ಲಿ ಬಿಟ್ ಬಾರಿಸಿದವರು.
ಪಲ್ಲವಿ ಮುಗಿದು ಚರಣ ಹತ್ತುವ ಮುಂಚೆ
ಹಾಡುವವರು ಮುಖ ಒರೆಸಿಕೊಳ್ಳುತ್ತಾರಲ್ಲ,
ಆ ಸಂದಿಯಲ್ಲಿ. ನಾಲ್ಕೇ ಸೆಕೆಂಡು.
ಬಾಣಾವರ, ಕಡೂರು, ಹೊಳೆನರಸೀಪುರ,
ನಾಲ್ಕು ನಾಲ್ಕು ಸೆಕೆಂಡಿನ ಚಿಲ್ಲರೆಯಲ್ಲಿ
ಒಂದು ಹರೆಯ ಖರ್ಚಾಯಿತು.
ಆಗಲೂ ಮೈಕು ನಮ್ಮದೇ, ಮಾಲೇಕಲ್ ಸೌಂಡ್ಸ್.
ಆ ನಾಲ್ಕು ಸೆಕೆಂಡಿಗೆ ದನಿ ಏರಿಸುವುದನ್ನು
ಎಷ್ಟು ಸಲ ಮರೆತಿದ್ದೇನೋ.
ಅವರು ಒಮ್ಮೆಯೂ ಕೇಳಲಿಲ್ಲ.

ಇವತ್ತು ಮೊದಲು ಮೋಹನ.
ಮೆಟ್ಟಿಲು ಕಟ್ಟಿದ ವಾದ್ಯ, ಗಮಕಕ್ಕೆ ಒಗ್ಗುವುದಿಲ್ಲ,
ಮಂಡಿನೋವಿನ ಅಜ್ಜಿ ಇಳಿದ ಹಾಗೆ
ಒಂದೊಂದು ಸ್ವರದ ಮೇಲೂ ಕಾಲೂರಿ ನಿಲ್ಲುತ್ತದೆ.
ಮಾಸ್ತರು ತಂತಿಯನ್ನು ಪಕ್ಕಕ್ಕೆ ಜಗ್ಗಿದರು,
ಬೇಲಿಗೆ ಸಿಕ್ಕ ಸೆರಗು ಬಿಡಿಸುವಷ್ಟು ನಾಜೂಕಾಗಿ.
ಗಾಂಧಾರ ತೂಗಿತು.
ಮುಂದಿನ ಸಾಲಿನ ಕೊಬ್ಬರಿ ಮಂಡಿ ಶೆಟ್ಟರು
ಕಡ್ಲೆಕಾಯಿ ಪೊಟ್ಟಣದಿಂದ ಕೈ ತೆಗೆದರು.

ಅದು ಮುಗಿಯಿತೋ ಇಲ್ಲವೋ, ಹೊಸಿಲು ದಾಟಿದಷ್ಟು ಸಲೀಸಾಗಿ
ಭೂಪಾಲಿ.
ಅವೇ ಐದು ಸ್ವರ, ನಡಿಗೆ ಮಾತ್ರ ಬೇರೆ.
ಒಬ್ಬಳೇ ಹುಡುಗಿ ತವರಲ್ಲೊಂದು
ಗಂಡನ ಮನೆಯಲ್ಲೊಂದು ದನಿಯಲ್ಲಿ ಮಾತಾಡಿದ ಹಾಗೆ.
ಯಾವುದು ನಿಜ ಅಂತ ಕೇಳುವುದುಂಟೆ?

ಆಮೇಲೆ ಶೆಟ್ಟಿಹಳ್ಳಿ ಕಡೆಯ ಇಗರ್ಜಿ ಮದುವೆಗಳಲ್ಲಿ
ಕಲಿತ ಮೂರೆಣಿಕೆಯ ಕುಣಿತ.
ಮ್ಯಾಂಡೊಲಿನ್ನಿಗೆ ಉಸಿರು ಗಿಡ್ಡ,
ಮೀಟಿದ ಸ್ವರ ಹುಟ್ಟುತ್ತಲೇ ಸಾಯುತ್ತದೆ.
ಅದಕ್ಕೇ ಜರಡಿ ಆಡಿಸಿದ ಹಾಗೆ ಬಿಡದೆ ಮೀಟಬೇಕು,
ನೂರು ಸಣ್ಣ ಸಾವುಗಳನ್ನು ಒತ್ತೊತ್ತಾಗಿ ನಿಲ್ಲಿಸಿ
ಒಂದು ಉದ್ದನೆ ಬದುಕು ಅಂತ ನಂಬಿಸಬೇಕು.
ನಂಬಿದೆವು.

ಕೊನೆಗೆ, ನಕ್ಕು, ಬರೀ ಬಿಟ್ಟುಗಳು.
ಹಾಡಿಲ್ಲ, ಹಾಡುವವರಿಲ್ಲ,
ಅದೇ ನಾಲ್ಕು ಸೆಕೆಂಡುಗಳು ಒಂದಾದಮೇಲೊಂದು,
ನಡುನಡುವೆ ಚೂರು ಬಿಡುವು.
ಆ ಬಿಡುವಿನೊಳಗೆ ಬುಕಿಂಗ್ ಆಫೀಸಿನ ವನಜಾಕ್ಷಿ ಮೇಡಂ
ತಮಗೇ ತಿಳಿಯದೆ ಒಂದು ಚರಣ ಗುನುಗಿದರು.
ಶೆಟ್ಟರು ಇನ್ನೊಂದನ್ನು, ಶ್ರುತಿ ತಪ್ಪಿ.
ಈಗ ಸಂದಿಯಲ್ಲಿ ಇದ್ದದ್ದು ಹಾಡುಗಳು.
ನಾನು ನಾಬಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ,
ಒಂದನ್ನೂ ಮರೆಯಲಿಲ್ಲ.

ಎಂಟೂ ನಲವತ್ತಕ್ಕೆ ಮೃದಂಗದವರು ಬಂದರು,
ಬೆವೆತು, ಗವಸು ಹೆಗಲಿಗೆ ಹಾಕಿಕೊಂಡು.
ವೇದಿಕೆ ಹತ್ತಲಿಲ್ಲ.
ಚಪ್ಪಲಿ ಕಳಚಿ ಬಾಗಿಲಲ್ಲೇ ನಿಂತರು.

ರಾತ್ರಿ ಮನೆಯಲ್ಲಿ ರೆಕಾರ್ಡಿಂಗ್ ಹಾಕಿದೆ.
ಸಾಕಮ್ಮ ಅವರೆಕಾಳು ಹಿತುಕುತ್ತಾ ಕೇಳುತ್ತಿದ್ದವಳು
'ತಾಳ ಹಾಕ್ತಿರೋದು ಯಾರು?' ಅಂದಳು.
ಯಾರೂ ಇಲ್ಲ, ಒಬ್ರೇ, ಅಂದೆ.
'ಸರಿಯಾಗಿ ಕೇಳು.'

ಕೇಳಿದೆ. ಮೃದಂಗಕ್ಕೆಂದು ತಗ್ಗಿಸಿ ಇಟ್ಟಿದ್ದ ಮೈಕನ್ನು
ಆರಿಸಲು ಮರೆತಿದ್ದೆ.
ಅದರಲ್ಲಿ ಫ್ಯಾನಿನ ಗರಗರ, ಯಾರದೋ ಕೆಮ್ಮು,
ಅದರಡಿಯಲ್ಲಿ, ಜಮಖಾನದ ಮೇಲೆ,
ಮಾಸ್ತರ ಬರಿಗಾಲ ಹೆಬ್ಬೆರಳು.
ಮೋಹನಕ್ಕೂ ಅದೇ, ಮದುವೆ ಕುಣಿತಕ್ಕೂ ಅದೇ,
ಮೆತ್ತಗೆ, ಒಂದೂ ತಪ್ಪದೆ.

ಬಾಡಿಗೆ ಚೀಟಿಯಲ್ಲಿ ಎರಡು ಮೈಕು ಅಂತ ಬರೆದಿದ್ದೆ.
ಒಂದನ್ನು ಹೊಡೆದುಹಾಕಲು ಪೆನ್ನು ತೆಗೆದವನು
ಹಾಗೇ ಮಡಿಚಿ ಜೇಬಿಗಿಟ್ಟೆ.