೪೧೭ ಅ

ಹದಿನಾರು ಪುಟ, ಮುಖಪುಟ ಬೇರೆ.
ನಡುವಿನ ಹಾಳೆಗೆ ಮುಖದ ಫೋಟೊ ಬೇಡವಂತೆ,
ಪಿನ್ನು ಸರಿಯಾಗಿ ಮೂಗಿಗೆ ಚುಚ್ಚುತ್ತದೆ.
ಪ್ರೆಸ್ಸಿನವನು ಕೊಟ್ಟ ನಿಯಮ ಇದೊಂದೇ.
ಉಳಿದದ್ದೆಲ್ಲ ದುಂಡಪ್ಪ ಹಣಗಂಡಿಯ ಜೀವನ.

"ಅಕ್ಕೋರ, ನೀವು ಬರದ್ರ ಜನ ಓದತಾರ್ರಿ" ಎಂದು
ನವನಗರದ ನನ್ನ ಮನೆಯೊಳಗೆ
ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತ.
ಜೊತೆಗಿದ್ದ ಹುಡುಗರು ಹೇಳುತ್ತ ಹೋದರು.
ಬಡ ಕುಟುಂಬ.
ಕಡುಬಡ ಅಂತ ಮಾಡ್ರಿ.
ಹುಟ್ಟಿದ್ದು ಜೂನ್ ಒಂದು.
ನಾನೂ ಜೂನ್ ಒಂದು, ನಮ್ಮ ಸಾಲಿಯ ಅರ್ಧ ಹುಡುಗರು ಜೂನ್ ಒಂದು,
ಹೆಡ್‌ಮಾಸ್ತರರ ಪೆನ್ನೇ ನಮಗೆಲ್ಲ ಸೂಲಗಿತ್ತಿ.
ಹುಟ್ಟಿದ ಸ್ಥಳ,
ಅಂತ ಬರೆದು ನಿಂತೆ.
ಆ ಓಣಿಯ ಮೇಲೆ ಈಗ ಮೀನಿನ ಬಲೆ ತೇಲುತ್ತದೆ.
"ನೀರು ಅಂತ ಬರೀರಿ" ಅಂದು ನಕ್ಕ.
ಅವನು ನಕ್ಕ ಅಂತ ಹುಡುಗರೂ ನಕ್ಕರು.
ಅವರು ಹುಟ್ಟಿದ್ದು ಸೆಕ್ಟರುಗಳಲ್ಲಿ.

ಪುಟ ಆರು, ಮುಳುಗಡೆ ಕಾಲದ ಸೇವೆ.
"ಸಂತ್ರಸ್ತರ ಕಣ್ಣೀರು ಒರೆಸಿದರು" ಅಂತ ಹಾಕಬೇಕಂತೆ.
ಒರೆಸಿದ್ದು ನಾನು ನೋಡಿಲ್ಲ.
ನಾನು ನೋಡಿದ್ದು ಒಬ್ಬ ಬಡಕಲು ಹುಡುಗನನ್ನು,
ಸರ್ವೇದವರ ಹಿಂದೆ ದಿನಗೂಲಿ,
ಡಾಲ್ಡಾ ಡಬ್ಬಿಯಲ್ಲಿ ಕೆಂಪು ಬಣ್ಣ,
ನೀರಿಗೆ ಹೋಗುವ ಒಂದೊಂದು ಗೋಡೆಗೂ ನಂಬರ್ ಹಾಕುತ್ತ ಬಂದ.
ಹೆಂಗಸರು ಅವನಿಗೇ ಬೈದರು, ಸಾಹೇಬರಿಗಲ್ಲ.
ಒಬ್ಬಳು ಸಗಣಿ ನೀರು ಎರಚಿದಳು.
ಮುಖ ಒರೆಸಿಕೊಂಡು
ಅವಳ ಗೋಡೆಗೂ ಬರೆದ.

ನಮ್ಮ ಮನೆ ೪೧೭.
ಅಪ್ಪ ಸತ್ತು ವರ್ಷ ತುಂಬಿರಲಿಲ್ಲ.
ಅವ್ವ ಹುಸೇನಬಿ ಚುರುಮುರಿ ಭಟ್ಟಿಯ ಮುಂದೆ
ಬಿಸಿ ಉಸುಕು ಜರಡಿ ಹಿಡಿಯುತ್ತಿದ್ದವಳು ಏಳಲಿಲ್ಲ.
ಸಾಹೇಬರು ಮುಂದಿನ ಓಣಿಗೆ ತಿರುಗಿದರು,
ಹುಡುಗ ತಿರುಗಲಿಲ್ಲ.
ಭಟ್ಟಿಯ ತಗಡು ನೋಡಿದ. ನನ್ನನ್ನು ನೋಡಿದ.
"ಅಜ್ಜ ಅದಾನನು?"
"ಅದಾನ, ಕಣ್ಣು ಕಾಣಂಗಿಲ್ಲ."
"ಅವನ ಹೆಸರ್ಲೆ ಇರಲಿ. ಒಲಿ ಬ್ಯಾರೆ ಅಂದ್ರ ಮನಿನೂ ಬ್ಯಾರೆ."
ಕುಂಚ ಪೂರಾ ಅದ್ದಿ ತಗಡಿನ ಮೇಲೆ ಬರೆದ, ೪೧೭ ಅ.
'ಅ' ಬಣ್ಣ ಸುರಿಸುತ್ತ ನೆಲದತನಕ ಇಳಿಯಿತು.
ಬೊಗಸೆ ಚುರುಮುರಿ ತಗೊಂಡು ತಿನ್ನುತ್ತ ಹೋದ.

ಪರಿಹಾರ ಎರಡು ಬಂತು.
ಮೊದಲಿನದು ಈ ಮನೆ.
ಎರಡನೆಯದು ನನ್ನ ಟಿಸಿಎಚ್ ಫೀಸು,
ಅಂದರೆ ಈ ಅಕ್ಷರ.

ಬರೆದೆ. ಡಬ್ಬಿ, ಸಗಣಿ ನೀರು, ಅ, ಎಲ್ಲ.
ಪ್ರೂಫ್ ಓದಿದ ದುಂಡಪ್ಪ
ಹುಡುಗರನ್ನು ಚಹಾಕ್ಕೆ ಕಳಿಸಿದ.
"ಅಕ್ಕೋರ, ಇದು ಕೇಸ್ ಆಗತೈತಿ."
ಫ್ಯಾನ್ ನೋಡುತ್ತ ಕೂತ.
"ಮತ್ತ ಎಲ್ಲಾರಿಗೂ ಪುಗಸಟ್ಟೆ ಬರೀಲಿಲ್ಲರಿ.
ನಿಮ್ಮ ಓಣ್ಯಾಗ ಅಷ್ಟ. ಆಮ್ಯಾಲೆ ರೇಟ್ ಇತ್ತು."
ಪುಟ ಒಂಬತ್ತರ ಸಿಮೆಂಟಿನ ಅಂಗಡಿ,
ಸ್ವಂತ ದುಡಿಮೆಯಿಂದ ಕಟ್ಟಿದ್ದು,
ನನ್ನ ಕಣ್ಣೆದುರೇ ಬುನಾದಿ ತೋರಿಸಿತು.
ನನ್ನ ಪೆನ್ನು ಇಸಕೊಂಡು ತಾನೇ ಕಾಟು ಹಾಕಿದ.
ಕೈ ನಡುಗಲಿಲ್ಲ. ಅಂಚಿನಲ್ಲಿ ಪುಟದ ನಂಬರ್ ತಿದ್ದಿದ,
ಆ ಅಂಕಿಯ ಬಾಲ ನನಗೆ ಗುರುತಿತ್ತು.

ಈಗ ಪುಟ ಆರರಲ್ಲಿ ಕಣ್ಣೀರು ಒರೆಸಿದ್ದಾರೆ.

ಮನೆಮನೆಗೆ ಹಂಚುವ ಹುಡುಗರು ನಮ್ಮಲ್ಲೂ ಒಂದು ಒಗೆದು ಹೋದರು.
ಅವ್ವ ಓದಿಸಿಕೊಂಡಳು, ಹದಿನಾರೂ ಪುಟ,
ನಡುವೆ ಎರಡು ಸಲ ಎಲೆ ಅಡಿಕೆ.
"ಚುರುಮುರಿ ತಿಂದದ್ದು ಬರಲಿಲ್ಲಲ್ಲ?"
"ಇಲ್ಲವ್ವ."
"ಹಂಗಾರ ಇವಾ ಬ್ಯಾರೆ ದುಂಡಪ್ಪ."
ಬಾಯಿ ಮುಕ್ಕಳಿಸಿ ಬಂದಳು,
ಸೆರಗಿಗೆ ಕೈ ಒರೆಸಿಕೊಂಡಳು,
ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು,
"ನಂಬರ್ ಎಷ್ಟ ಅವಂದು?"